ಬೀಗದಣ್ಣನ ಪಿಕಪ್ಪಿಗೊಂದು ಮುಚ್ಚಳ

ಊರಿನಲ್ಲಿ ಯಾರ ಮನೆಯ ಬಾಗಿಲು ತಾನಾಗಿ ಹಾಕಿಕೊಂಡರೂ, ಯಾರ ಕಪಾಟಿನ ಕೀಲಿ ಕಳೆದರೂ ದೇವರಿಗಿಂತ ಮೊದಲು ನೆನಪಾಗುತ್ತಿದ್ದವನು ಬೀಗದಣ್ಣ. ಬಂದವನೇ ಬಾಗಿಲ ಮುಂದೆ ಮಂಡಿಯೂರಿ, ವೈದ್ಯರು ಎದೆಗೆ ಕಿವಿಗೊಟ್ಟ ಹಾಗೆ ಬೀಗಕ್ಕೆ ಕಿವಿ ಹಚ್ಚುತ್ತಿದ್ದ. ಸಣ್ಣ ಕಂಬಿಯೊಂದನ್ನು ಒಳಗೆ ತೂರಿಸಿ, "ಬಾರಮ್ಮ, ಬಾ, ಸಿಟ್ಟು ಮಾಡ್ಕೋಬೇಡ" ಎಂದು ಅದರ ಜೊತೆ ಮಾತಾಡುತ್ತಿದ್ದ. ಬೀಗ ತೆರೆದಾಗ ಎಂದೂ "ತೆಗೆದೆ" ಎನ್ನುತ್ತಿರಲಿಲ್ಲ. "ಒಪ್ಕೊಂಡ್ಳು" ಎಂದು ಎದ್ದು ಮಂಡಿ ಕೊಡವಿಕೊಳ್ಳುತ್ತಿದ್ದ. ಬೆರಳ ತುದಿಯಲ್ಲೇ ಕಣ್ಣಿದ್ದ ಮನುಷ್ಯ.

ಆದರೆ ಮುಖದಲ್ಲಿದ್ದ ಎರಡು ಕಣ್ಣುಗಳ ಬಗ್ಗೆಯೂ ಅವನಿಗೆ ಅಷ್ಟೇ ಹೆಮ್ಮೆ ಇತ್ತು. ತೊಂದರೆ ಶುರುವಾಗುತ್ತಿದ್ದದ್ದು ಅಲ್ಲೇ. ಅಳತೆ ಪಟ್ಟಿ ಮುಟ್ಟುವುದೆಂದರೆ ಅವನಿಗೆ ಅವಮಾನ. "ಕಣ್ಣಳತೆ ಸಾಕು" ಎನ್ನುವುದು ಅವನ ಮಂತ್ರ. ಆ ಮಂತ್ರದ ಫಲವಾಗಿ ಮನೆಯ ಕಿಟಕಿ ಪರದೆಗಳು ನೆಲದಿಂದ ಮೊಳದಷ್ಟು ಮೇಲೆಯೇ ನಿಂತು ಗಾಳಿಗೆ ಲಂಗದ ಹಾಗೆ ಹಾರುತ್ತಿದ್ದವು. ಮಲಗುವ ಕೋಣೆಗೆಂದು ತಂದ ಬೀರು ಕೋಣೆಯ ಬಾಗಿಲಲ್ಲಿ ತೂರದೆ ಹಜಾರದಲ್ಲೇ ಬೀಡುಬಿಟ್ಟಿತ್ತು. ಮನೆಗೆ ಬಂದವರು ಬೀರು ಯಾಕೆ ಇಲ್ಲಿದೆ ಎಂದರೆ, "ಇಲ್ಲಿ ಗಾಳಿ ಆಡುತ್ತೆ, ಬಟ್ಟೆಗೆ ಒಳ್ಳೇದು" ಎಂದು ಅವನು ಮುಖ ತಿರುಗಿಸದೆ ಹೇಳುತ್ತಿದ್ದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು, ಅಷ್ಟೇ.

ಅವನ ಹೆಂಡತಿ ಡ್ರೈವಿಂಗ್ ಕಲಿಸುವವಳು. ಅರ್ಧ ಊರು ಅವಳ ಕೈಯಲ್ಲಿ ಬೈಸಿಕೊಂಡು ಸ್ಟೇರಿಂಗ್ ಹಿಡಿಯಲು ಕಲಿತದ್ದು. ಅವರಿಬ್ಬರ ಪರಿಚಯವಾದದ್ದೇ ಕೀಲಿಯಿಂದ. ಮದುವೆಗೆ ಮುಂಚೆ ಒಂದು ದಿನ ಅವಳು ಕಲಿಸುವ ಕಾರಿನೊಳಗೆ ಕೀಲಿ ಬಿಟ್ಟು, ನಾಲ್ಕು ರಸ್ತೆ ಸೇರುವ ಕಡೆ ಕಾರಿನ ಹೊರಗೆ ನಿಂತಿದ್ದಳು. ಬೀಗದಣ್ಣ ಸೈಕಲ್ಲಿನಲ್ಲಿ ಬಂದು ಚಿಟಿಕೆ ಹೊಡೆಯುವಷ್ಟರಲ್ಲಿ ಬಾಗಿಲು ತೆರೆದುಕೊಟ್ಟ. ಅವಳು ಥ್ಯಾಂಕ್ಸ್ ಹೇಳಿದ ಮೇಲೆ, "ಸೈಕಲ್ ಹೀಗೆ ದಾರಿಗಡ್ಡ ನಿಲ್ಲಿಸಬಾರದು ರೀ, ಹಿಂದೆ ನೋಡಿ" ಎಂದಳು. ಅಲ್ಲಿಂದ ಇಲ್ಲಿಯವರೆಗೂ ಅವಳು ಹೇಳುತ್ತಲೇ ಇದ್ದಾಳೆ, ಅವನು ಹಿಂದೆ ನೋಡುತ್ತಲೇ ಇದ್ದಾನೆ.

ಸೈಕಲ್ ಹೋಗಿ ಸ್ಕೂಟರ್ ಬಂತು, ಸ್ಕೂಟರ್ ಹೋಗಿ ಒಂದು ಹಳೆಯ ಪಿಕಪ್ ಬಂತು. ಅದರ ಹಿಂದಿನ ತೊಟ್ಟಿಯಲ್ಲಿ, ಕ್ಯಾಬಿನ್ನಿಗೆ ಒತ್ತಿದಂತೆ, ಈ ಮಗ್ಗುಲಿಂದ ಆ ಮಗ್ಗುಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಟೂಲ್ ಬಾಕ್ಸ್ ಕೂರಿಸಿದ. ಪಾನಾ, ಉಜ್ಜುವ ಅರ, ಕಂಬಿ, ಡ್ರಿಲ್ಲು, ಹಳೆಯ ಬೀಗಗಳ ಒಡಲು, ಕೀಲಿ ಕತ್ತರಿಸುವ ಮೆಷಿನ್ನು ಎಲ್ಲ ಅದರೊಳಗೆ. ಎರಡು ಕೈಯಲ್ಲಿ ಮುಚ್ಚಳ ಎತ್ತಿದರೆ ಒಂದು ಸಂಸಾರವೇ ಕಾಣುತ್ತಿತ್ತು. ಪೆಟ್ಟಿಗೆಗೆ ಅವನೇ ಹಾಕಿದ ಬೀಗ, ಅದರ ಯೋಚನೆ ಇಲ್ಲ. ಯೋಚನೆ ಇದ್ದದ್ದು ಉಳಿದ ಜಾಗದ್ದು. ರಿಪೇರಿಗೆ ತಂದ ಬಾಗಿಲು, ಚೌಕಟ್ಟು, ಏಣಿ ಇವನ್ನೆಲ್ಲ ಇಡುವ ಆ ತೊಟ್ಟಿಗೆ ಮೇಲೆ ಆಕಾಶವೇ ಹೊದಿಕೆ.

ತೆರೆದ ತೊಟ್ಟಿ ಎಂದರೆ ಊರಿಗೆಲ್ಲ ನಂಟು. ಬೀದಿಯಲ್ಲಿ ಗಾಡಿ ನಿಲ್ಲಿಸಿ ಕಾಫಿ ಕುಡಿದು ಬರುವಷ್ಟರಲ್ಲಿ ಯಾರೋ ಅದರೊಳಗೆ ಖಾಲಿ ಡಬ್ಬ ಎಸೆದಿರುತ್ತಿದ್ದರು. ಎದುರು ಮನೆಯ ಮೇಷ್ಟ್ರು ಹರಿದ ಹಾಸಿಗೆಯೊಂದನ್ನು ತಂದಿಟ್ಟು, "ಹೇಗೂ ಆ ಕಡೆ ಹೋಗ್ತೀಯಲ್ಲಪ್ಪ, ಎಲ್ಲಾದ್ರೂ ಹಾಕ್ಬಿಡು" ಎಂದಿದ್ದರು. ಒಮ್ಮೆ ಊರ ಆಚೆಯ ಬಡಾವಣೆಗೆ ಕೆಲಸಕ್ಕೆ ಹೋಗಿ ಹಿಂಬಾಗಿಲು ಇಳಿಸಿದರೆ ಒಳಗಿಂದ ಒಂದು ನಾಯಿ ಎದ್ದು, ಮೈಮುರಿದು, ತನ್ನ ನಿಲ್ದಾಣ ಬಂತೆಂಬಂತೆ ಇಳಿದು ಹೋಯಿತು. ಇದನ್ನೆಲ್ಲ ಅವನು ನಕ್ಕು ಸಹಿಸಿದ್ದ. ಆದರೆ ಒಂದು ಮಳೆಯಲ್ಲಿ ಯಾರದೋ ಮನೆಯ ಹೊಸ ತೇಗದ ಬಾಗಿಲು ನೆನೆದು, ಉಬ್ಬಿ, ಚೌಕಟ್ಟಿಗೆ ಸೇರುವುದಿಲ್ಲ ಎಂದು ಹಟ ಹಿಡಿದಾಗ ಮಾತ್ರ ಅವನಿಗೆ ಸಾಕಾಯಿತು.

"ನಾಳೆಯೇ ಒಂದು ಮುಚ್ಚಳ ಹಾಕಿಸ್ತೀನಿ" ಎಂದ.

"ಹಾಕ್ಸಿ. ಆದ್ರೆ ಪೆಟ್ಟಿಗೆ ಇದೆ ಅನ್ನೋದು ನೆನಪಿರಲಿ. ಟೇಪು ಹಿಡಿದು ಅಳೆದು ತನ್ನಿ" ಎಂದಳು ಹೆಂಡತಿ.

"ನನಗೆ ಗೊತ್ತಿಲ್ವಾ?"

ಅವಳು ಹಜಾರದ ಬೀರುವಿನ ಕಡೆ ಒಮ್ಮೆ ನೋಡಿದಳು.

ಗಾಡಿಗಳಿಗೆ ಶೃಂಗಾರ ಮಾಡುವ ದೊಡ್ಡ ಅಂಗಡಿಯೊಂದು ಊರಿನ ಆ ತುದಿಯಲ್ಲಿತ್ತು. ಸೀಟಿಗೆ ಬಟ್ಟೆ, ಗಾಜಿಗೆ ಕಪ್ಪು ಹಾಳೆ, ಕಿವಿ ಕಿತ್ತುಹೋಗುವ ಹಾರನ್ನು ಎಲ್ಲ ಅಲ್ಲಿ ಸಿಗುತ್ತಿತ್ತು. ಅಂಗಡಿಯವನು ದುಂಡು ಮುಖದ, ದುಂಡು ಮಾತಿನ ಮನುಷ್ಯ. ಗಿರಾಕಿ ಏನನ್ನು ಮುಟ್ಟಿದರೂ "ಹೇಳಿ ಮಾಡಿಸಿದ ಹಾಗಿದೆ ಅಣ್ಣಾ" ಎನ್ನುತ್ತಿದ್ದ. ಆ ದಿನ ಬೀಗದಣ್ಣನಿಗೆ ಮೂರು ನಮೂನೆ ತೋರಿಸಿದ. ಒಂದು, ಬಟ್ಟೆಯ ಹಾಗೆ ಬಿಗಿದು ಕಟ್ಟುವ ದಪ್ಪ ಹೊದಿಕೆ. ಇನ್ನೊಂದು, ಚಾಪೆಯ ಹಾಗೆ ಸುತ್ತಿಕೊಳ್ಳುವ ಪಟ್ಟಿಗಳದ್ದು. ಮೂರನೆಯದು ಒಂದೇ ಹಲಗೆಯ ಗಟ್ಟಿ ಮುಚ್ಚಳ. ಕರ್ರಗೆ, ನುಣ್ಣಗೆ, ಮುಖ ನೋಡಿಕೊಳ್ಳುವಷ್ಟು ಹೊಳಪು. ಕ್ಯಾಬಿನ್ ಕಡೆಯ ಅಂಚು ತಿರುಗಣೆಗೆ ಸಿಕ್ಕಿಸಿದ್ದು. ಹಿಂದಿನ ಗುಂಡಿ ಒತ್ತಿದರೆ ಎರಡು ಗಾಳಿ ಕಂಬಿಗಳು ಅದನ್ನು ಸುಯ್ಯೆಂದು ಮೇಲೆತ್ತುತ್ತಿದ್ದವು. ಇಳಿಸಿದರೆ ತಾನೇ ಬೀಗ ಬಿದ್ದುಕೊಳ್ಳುತ್ತಿತ್ತು.

ಆ ಬೀಗ ಬಿದ್ದ ಸದ್ದು ಕೇಳಿದ್ದೇ ತಡ, ಬೀಗದಣ್ಣನ ಮನಸ್ಸು ಜಾರಿತು. "ಎಂಥ ಸದ್ದು!" ಎಂದು ಕಣ್ಣು ಮುಚ್ಚಿದ. ಎರಡನೆಯ ಸಲ ಹಾಕಿಸಿ ಕೇಳಿದ. ಸಂಗೀತ ಕೇಳುವವರ ಹಾಗೆ ತಲೆಯಾಡಿಸಿದ.

"ಅಣ್ಣಾ, ನಿಮ್ಮ ಗಾಡೀಲಿ ಪೆಟ್ಟಿಗೆ ಇದೆಯಲ್ಲ" ಎಂದು ಅಂಗಡಿಯವನು ಟೇಪು ತೆಗೆದ.

"ಪೆಟ್ಟಿಗೆ ತೊಟ್ಟಿಯ ಅಂಚಿಗಿಂತ ಗೇಣು ಕೆಳಗಿದೆ. ಮುಚ್ಚಳ ಮೇಲೆ ಕೂರುತ್ತೆ. ಟೇಪು ಒಳಗಿಡಪ್ಪ, ಕಣ್ಣಳತೆ ಸಾಕು."

"ಹಾಗಾದ್ರೆ ಹೇಳಿ ಮಾಡಿಸಿದ ಹಾಗಿದೆ ಅಣ್ಣಾ."

ಕಣ್ಣಳತೆ ಸುಳ್ಳಾಗಲಿಲ್ಲ, ಮುಚ್ಚಳ ಕೂದಲೆಳೆಯ ಸಂದಿಲ್ಲದೆ ಕೂತಿತು. ಬೀಗದಣ್ಣ ಊರ ಮಧ್ಯದ ದಾರಿ ಹಿಡಿದೇ ಮನೆಗೆ ಬಂದ. ಅಮ್ಮ, ಹೆಂಡತಿ ಇಬ್ಬರನ್ನೂ ಹೊರಗೆ ಕರೆದು, ಗುಂಡಿ ಒತ್ತಿದ. ಮುಚ್ಚಳ ಸುಯ್ಯೆಂದು ಎದ್ದಿತು. "ಅಯ್ಯೋ, ಮೊಸಳೆ ಬಾಯಿ ತೆಗೆದ ಹಾಗಿದೆ ಕಣೋ" ಎಂದಳು ಅಮ್ಮ.

ಅಮ್ಮನ ಮಾತು ಅಳತೆಗಿಂತ ಸರಿಯಾಗಿತ್ತು. ಮೊಸಳೆಯ ಬಾಯಿ ಮುಂದೆ ಎಷ್ಟೇ ಅಗಲ ತೆರೆದರೂ ಗಂಟಲ ಬಳಿ ಕಿರಿದೇ. ಮುಚ್ಚಳ ಹಿಂದೆ ಆಳುದ್ದ ಎದ್ದರೂ ಕ್ಯಾಬಿನ್ ಕಡೆಯ ತಿರುಗಣೆಯ ಹತ್ತಿರ ಇದ್ದಲ್ಲೇ ಇರುತ್ತಿತ್ತು, ಅಂದರೆ ಏಳುತ್ತಲೇ ಇರಲಿಲ್ಲ. ಪೆಟ್ಟಿಗೆ ಇದ್ದದ್ದು ಸರಿಯಾಗಿ ಆ ಗಂಟಲಲ್ಲಿ. ಮೊದಲು ಎರಡು ಕೈಯಲ್ಲಿ ಎತ್ತಿ ಹಿಂದಕ್ಕೆ ಒರಗಿಸುತ್ತಿದ್ದ ಪೆಟ್ಟಿಗೆಯ ಬಾಯಿ ಈಗ ಗೇಣು ಎದ್ದು, ಮೇಲಿನ ಹಲಗೆಗೆ ಟಕ್ಕೆಂದು ಹೊಡೆದು ನಿಂತುಬಿಡುತ್ತಿತ್ತು.

ಆ ಟಕ್ ಎನ್ನುವ ಸದ್ದು ಕೇಳಿ ಬೀಗದಣ್ಣ ಮುಖ ಚಿಕ್ಕದು ಮಾಡಲಿಲ್ಲ. "ಈಗ ಪೆಟ್ಟಿಗೆಗೆ ಎರಡು ಕಾವಲು. ನಾನೇ ಕೈ ಹಾಕೋದು ಕಷ್ಟ, ಇನ್ನು ಕಳ್ಳ ಹೇಗೆ ಹಾಕ್ತಾನೆ?" ಎಂದ.

"ಅದೂ ಸರಿ" ಎಂದಳು ಹೆಂಡತಿ. ಅವಳು 'ಅದೂ ಸರಿ' ಎಂದರೆ ಕಲಿಯುವವನು ಗಾಡಿಯನ್ನು ಗೋಡೆಗೆ ಗುದ್ದುವ ಮುಂಚಿನ ಮೌನ ಎಂದೇ ಅರ್ಥ.

ಮರುದಿನದಿಂದ ಅವನ ಕೆಲಸದ ರೀತಿಯೇ ಬದಲಾಯಿತು. ಬೀಗ ನೋಡಿ, ಯಾವ ಸಾಮಾನು ಬೇಕೆಂದು ತಿಳಿದುಕೊಂಡು, ಗಾಡಿಗೆ ಬಂದು, ಮೊಸಳೆಯ ಬಾಯಿ ತೆರೆದು, ಹೊಟ್ಟೆಯ ಮೇಲೆ ಮಲಗಿ, ತೆವಳಿಕೊಂಡು ಗಂಟಲವರೆಗೆ ಹೋಗಿ, ಗೇಣು ಸಂದಿಯಲ್ಲಿ ಕೈ ತೂರಿಸಿ ತಡಕಬೇಕು. ಬೆರಳಿನ ಕಣ್ಣು ಇಲ್ಲಿ ಕೈಹಿಡಿಯಿತು. ಮುಟ್ಟಿದರೆ ಯಾವ ಪಾನಾ ಎಂದು ಗೊತ್ತಾಗುತ್ತಿತ್ತು. ಹೊರಗಿನವರಿಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಗಿರಾಕಿಗಳು ಆ ಕಾಲುಗಳ ಜೊತೆಗೇ ಮಾತಾಡಲು ಕಲಿತರು. "ಅಣ್ಣಾ, ನಮ್ಮ ಅಡುಗೆ ಮನೆ ಚಿಲಕಾನೂ ನೋಡ್ತೀರಾ?" ಎಂದರೆ ಒಂದು ಹೆಬ್ಬೆರಳು ಅಲ್ಲಾಡಿ ಆಗಲಿ ಎನ್ನುತ್ತಿತ್ತು. ಅಂಗಿಯ ಮುಂಭಾಗ ಒರೆಸುವ ಬಟ್ಟೆಯ ಹಾಗಾಯಿತು. ಮೊಣಕೈ ತರಚಿತು. ಕತ್ತೆತ್ತಿದಾಗಲೆಲ್ಲ ನೆತ್ತಿಗೆ ಹಲಗೆ ತಾಗಿ ಅಲ್ಲೊಂದು ಬುಗುಟು ಕಾಯಂ ಆಯಿತು. ಸಂಜೆ ಹೆಂಡತಿ ಎಣ್ಣೆ ಹಚ್ಚುತ್ತ, "ಮುಚ್ಚಳ ಹೇಗಿದೆ ರೀ?" ಎಂದರೆ, "ಬೆಣ್ಣೆ ಹಾಗೆ" ಎನ್ನುತ್ತಿದ್ದ.

ಹಾಗಿರುವಾಗ ಒಂದು ಮಧ್ಯಾಹ್ನ ಮನೆ ಮುಂದೆ ಗಾಡಿ ನಿಲ್ಲಿಸಿ, ಊಟ ಮುಗಿಸಿ, ಮುಂದಿನ ಕೆಲಸಕ್ಕೆ ಬೇಕಾದ ಅರ ತೆಗೆಯಲು ಬೀಗದಣ್ಣ ಒಳಗೆ ತೆವಳಿದ. ಪೆಟ್ಟಿಗೆಯ ಸಂದಿಗೆ ಬಾಗಿದಾಗ ಅಂಗಿ ಜೇಬಿನಿಂದ ಫೋನು ಜಾರಿ ಪೆಟ್ಟಿಗೆಯ ತಳಕ್ಕೆ ಬಿತ್ತು. ಕೈ ಹಾಕಿದ, ಎಟುಕಲಿಲ್ಲ. ಭುಜದವರೆಗೂ ತೂರಿಸಿದ, ಬೆರಳಿಗೆ ತಾಗಿ ಇನ್ನೂ ಕೆಳಗೆ ಹೋಯಿತು. ಬೈದುಕೊಂಡ. ಸ್ವಲ್ಪ ಸುಧಾರಿಸಿಕೊಳ್ಳೋಣವೆಂದು, ಬಾಗಿಲುಗಳಿಗೆ ಸುತ್ತುವ ಹಳೆಯ ಕಂಬಳಿಯ ಮೇಲೆ ತಲೆ ಇಟ್ಟು, ಕಾಲನ್ನೂ ಒಳಗೆಳೆದುಕೊಂಡ. ಒಳಗೆ ತಂಪಾಗಿತ್ತು, ಕತ್ತಲಿತ್ತು, ಫೋನಿನ ಕಾಟವಿರಲಿಲ್ಲ, ಮೇಲಾಗಿ ಉಂಡ ಹೊಟ್ಟೆ. ಕಣ್ಣು ಯಾವಾಗ ಮುಚ್ಚಿತೋ ಅವನಿಗೇ ತಿಳಿಯಲಿಲ್ಲ.

ಎಚ್ಚರವಾದದ್ದು ದಡಾರನೆ ಬಿದ್ದ ಸದ್ದಿಗೆ. ಅದರ ಹಿಂದೆಯೇ, ಅವನು ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೇಳಿದ್ದ ಆ ಚೆಂದದ ಸದ್ದು: ಟಪ್. ಬೀಗ ಬಿತ್ತು. ಕ್ಯಾಬಿನ್ನಿನ ಎರಡು ಬಾಗಿಲು ತೆಗೆದು ಮುಚ್ಚಿದ್ದು ಕೇಳಿಸಿತು. ಇಂಜಿನ್ ಶುರುವಾಯಿತು. "ಏಯ್!" ಎನ್ನುವಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತು. ಹೊರಡುವ ಮುಂಚೆ ಹಿಂದೆ ನೋಡಿ ಎಂದು ಅರ್ಧ ಊರಿಗೆ ಕಲಿಸಿದವಳೇ ಆ ದಿನ ಮುಚ್ಚಳ ಎಳೆದು ಹಾಕಿದ್ದಳೇ ಹೊರತು ಹಿಂದೆ ಏನಿದೆಯೆಂದು ನೋಡಿರಲಿಲ್ಲ.

ಹೆಂಡತಿಯ ಲೆಕ್ಕಾಚಾರ ಬೇರೆಯೇ ಇತ್ತು. ಕೀಲಿ ಗಾಡಿಯಲ್ಲೇ ಇದ್ದು ಗಂಡ ಮಾತ್ರ ಕಾಣದ್ದರಿಂದ, ಎಲ್ಲೋ ಕಟ್ಟೆಗೆ ಹರಟೆಗೆ ಹೋಗಿದ್ದಾನೆ ಎಂದುಕೊಂಡಳು. ಅವನು ಬರುವಷ್ಟರಲ್ಲಿ ಒಂದು ಕೆಲಸ ಮುಗಿಸಿಬಿಡುವುದು ಅವಳ ಉಪಾಯ. ಅತ್ತೆಯೂ ಜೊತೆಗಿದ್ದಳು. ಗಾಡಿ ಹೊರಟಿತೆಂದರೆ ಎಲ್ಲಿಗೆ ಎಂದು ಕೇಳದೆ ಹತ್ತಿ ಕೂರುವುದು ಆ ಮುದುಕಿಯ ಅಭ್ಯಾಸ.

ಒಳಗೆ ಬೀಗದಣ್ಣ ಹಲಗೆಯನ್ನು ಗುದ್ದಿದ. ಮುಂದೆ ಕ್ಯಾಬಿನ್ನಿನಲ್ಲಿ ನಡೆದ ಮಾತನ್ನು ಆಮೇಲೆ ಅಮ್ಮನೇ ಅವನಿಗೆ ಹೇಳಿದಳು.

"ಹಿಂದೆ ಏನೋ ಬಡ್ಕೋತಿದೆ ಕಣಮ್ಮ" ಎಂದಿದ್ದಳಂತೆ.

"ಆ ಮುಚ್ಚಳಾನೇ ಅತ್ತೆ. ಬಂದಾಗ್ಲಿಂದ ಬಡ್ಕೋತಾನೇ ಇದೆ" ಎಂದು ಸೊಸೆ ರೇಡಿಯೋ ಜೋರು ಮಾಡಿದಳಂತೆ.

ಗುದ್ದಿ ಫಲವಿಲ್ಲವೆಂದು ತಿಳಿದ ಮೇಲೆ ಬೀಗದಣ್ಣ ಯೋಚಿಸಿದ. ತಾನು ಯಾರು? ಊರಿನ ಬೀಗಗಳನ್ನೆಲ್ಲ ಒಪ್ಪಿಸಿದವನು. ಹೊರಗಿಂದಲೇ ತೆಗೆದು ಅಭ್ಯಾಸ, ನಿಜ. ಒಳಗಿನಿಂದ ಕೀಲಿಯ ತೂತೇ ಇಲ್ಲ, ಅದೂ ನಿಜ. ಆದರೆ ಬೀಗವನ್ನು ಹಿಡಿದಿರುವ ತಗಡು, ತಗಡನ್ನು ಹಿಡಿದಿರುವ ನಾಲ್ಕು ಬೋಲ್ಟು ಒಳಗೇ ಇರಬೇಕಲ್ಲ? ಸಂದಿಯಲ್ಲಿ ಕೈ ಹಾಕಿ ಹತ್ತನೇ ನಂಬರಿನ ಪಾನಾ ಆರಿಸಿಕೊಂಡ. ಹಿಂದಿನ ತುದಿಗೆ ತೆವಳಿದ. ಮೊದಲ ಬೋಲ್ಟಿಗೆ ಪಾನಾ ಕೂರಿಸಿದ ಗಳಿಗೆಗೆ ಸರಿಯಾಗಿ ರಸ್ತೆಯಲ್ಲೊಂದು ಉಬ್ಬು ಬಂತು. ಅವನೊಂದು ಕಡೆ, ಪಾನಾ ಒಂದು ಕಡೆ. ಮತ್ತೆ ಹುಡುಕಿ, ಮತ್ತೆ ತೆವಳಿ, ಮತ್ತೆ ಕೂರಿಸಿದ. ಹೆಂಡತಿ ಪಾಠದ ಪುಸ್ತಕದಲ್ಲಿದ್ದ ಹಾಗೆ ಬ್ರೇಕ್ ಹಾಕಿದಳು. ಬೀಗದಣ್ಣ ಕಂಬಳಿಯ ಸಮೇತ ತೇಲಿ ಹೋಗಿ ಪೆಟ್ಟಿಗೆಗೆ ಬಡಿದ.

ಗಾಡಿ ಸಿಗ್ನಲ್ಲಿನಲ್ಲಿ ನಿಂತಿತ್ತು. ಪಕ್ಕದಲ್ಲಿ ಸ್ಕೂಟರೊಂದು ಗುಡುಗುಡು ಎನ್ನುವುದು ಕೇಳಿಸಿತು. ಇದೇ ಸಮಯವೆಂದು ಅವನು ಕೂಗಿದ:

"ಸ್ವಾಮೀ! ಯಾರಾದ್ರೂ ಇದ್ದೀರಾ?"

ಸ್ಕೂಟರಿನವನು ಇಂಜಿನ್ ತಗ್ಗಿಸಿದ. ಆಮೇಲೆ ಮರ್ಯಾದೆಯಿಂದಲೇ, "ಯಾರು ಬೇಕಾಗಿತ್ತು?" ಎಂದ.

"ಗಾಡಿ ಓಡಿಸ್ತಿರೋರಿಗೆ ಹೇಳಿ, ನಾನು ಹಿಂದೆ ಇದ್ದೀನಿ ಅಂತ!"

"ನೀವು ಯಾರು ಅಂತ ಹೇಳ್ಲಿ?"

ಅಷ್ಟರಲ್ಲಿ ಹಸಿರು ದೀಪ ಬಿತ್ತು. ಹೆಂಡತಿಯನ್ನು ಹಸಿರು ದೀಪದಲ್ಲಿ ನಿಲ್ಲಿಸುವುದು ಬ್ರಹ್ಮನಿಂದಲೂ ಆಗದ ಕೆಲಸ.

ಮುಂದಿನ ದಾರಿ ನೆಟ್ಟಗಿತ್ತು. ಬೀಗದಣ್ಣ ಹೊಟ್ಟೆಯ ಮೇಲೆ ಮಲಗಿ, ಪಾದಗಳನ್ನು ಎರಡು ಮಗ್ಗುಲಿಗೆ ಒತ್ತಿಕೊಂಡು, ಒಂದು ಬೋಲ್ಟು ಬಿಚ್ಚಿದ. ಎರಡನೆಯದನ್ನೂ ಬಿಚ್ಚಿದ. ಭಯ ಹೋಗಿ ಹುರುಪು ಬಂತು. "ಬಾರಮ್ಮ, ಬಾ" ಎಂದು ಶುರುಮಾಡಿದ. ಮೂರನೆಯದು ಕೈಗೆ ಬರುವಾಗ ಗಾಡಿ ತಿರುಗಿ, ನಿಧಾನವಾಗಿ, ನಿಂತಿತು. ಇಂಜಿನ್ನೂ ನಿಂತಿತು. ಇನ್ನೊಂದೇ ಬೋಲ್ಟು. ತಾನು ಮುಚ್ಚಳ ಎತ್ತಿ ಎದ್ದು ನಿಂತಾಗ ಹೆಂಡತಿಯ ಮುಖ ಹೇಗಾದೀತು ಎಂದು ನೆನೆದು ಕತ್ತಲಲ್ಲೇ ನಕ್ಕ. ಬೈಯಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡ. ಆಗ ಹೊರಗಿನಿಂದ ಒಂದು ದನಿ ಬಂತು.

"ಬನ್ನಿ ಅಕ್ಕಾ, ಬನ್ನಿ. ಮುಚ್ಚಳ ಹೇಗಿದೆ? ಹೇಳಿ ಮಾಡಿಸಿದ ಹಾಗಿದೆ ಅಲ್ವಾ?"

ಬೀಗದಣ್ಣನ ಪಾನಾ ಅಲ್ಲೇ ನಿಂತಿತು.

"ಯಾರು ಹೇಳಿದ್ದು, ಯಾರು ಮಾಡಿಸಿದ್ದು?" ಎಂದಳು ಹೆಂಡತಿ. "ಪೆಟ್ಟಿಗೆ ಬಾಯಿ ಗೇಣು ತೆಗೆಯುತ್ತೆ. ನಮ್ಮೆಜಮಾನ್ರು ದಿನಾ ಹಲ್ಲಿ ಹಾಗೆ ತೆವಳ್ತಾರೆ. ಮಾರೋವಾಗ ನಿಮಗೆ ಕಣ್ಣಿರ್ಲಿಲ್ವಾ?"

"ನಾನು ಟೇಪು ತೆಗೆದೆ ಅಕ್ಕಾ, ದೇವರಾಣೆ. ಅಣ್ಣನೇ ಬೇಡ, ಕಣ್ಣಳತೆ ಸಾಕು ಅಂದ್ರು."

ಒಳಗೆ ಬೀಗದಣ್ಣ ಕಿವಿ ಬಿಸಿಯಾಗಿ ಕಾದ. ಈಗ ಹೆಂಡತಿ ಕಿಟಕಿ ಪರದೆಯಿಂದ ಶುರುಮಾಡಿ ಬೀರುವಿನವರೆಗೆ ತನ್ನ ಮಾನ ಹರಾಜು ಹಾಕುತ್ತಾಳೆ ಎಂದುಕೊಂಡ.

ಅವಳ ದನಿ ತಗ್ಗಿತು. "ಅವರು ಹಾಗೇ ಅಂತಾರೆ. ಅವರ ಕೈ ನೋಡಿದ್ದೀರಾ? ಇಡೀ ಊರಲ್ಲಿ ಅಂಥ ಕೈ ಇನ್ನೊಂದಿಲ್ಲ. ಕೂದಲಷ್ಟು ಸಂದಿ ಇದ್ರೂ ಬೆರಳಿಗೆ ಗೊತ್ತಾಗುತ್ತೆ. ಅಂಥವರಿಗೆ ಟೇಪು ಹಿಡೀರಿ ಅಂದ್ರೆ ಬೇಜಾರಾಗಲ್ವಾ? ಹಿಡಿಯಬೇಕಾದೋರು ನೀವು. ಈಗ ಏನ್ ಮಾಡ್ತೀರಾ ಅಂದ್ರೆ, ಪೆಟ್ಟಿಗೆ ಜೊತೆ ಹೊಂದೋ ಅಂಥ ಮುಚ್ಚಳ ಒಂದನ್ನ ಆರಿಸಿಕೊಡಿ. ಅವರಿಗೆ ಮಾತ್ರ, ಕಂಪನಿಯೋರು ಈ ಮಾಲೆಲ್ಲಾ ವಾಪಸ್ ಕರೆಸ್ಕೊಂಡ್ರು, ಬದಲಿಗೆ ಬೇರೆ ಕೊಟ್ರು ಅಂತ ಹೇಳ್ಬೇಕು. ನಾನು ಬಂದಿದ್ದು ಗೊತ್ತಾಗಬಾರದು. ಅತ್ತೆ, ನೀವೂ ಬಾಯಿ ಬಿಡ್ಬೇಡಿ."

"ನನಗೇನು ಕೇಳಿಸ್ತು ಬಾಯಿ ಬಿಡೋಕೆ?" ಎಂದಳು ಅಮ್ಮ.

ಕತ್ತಲಲ್ಲಿ ಬೀಗದಣ್ಣ ಪಾನಾ ಮೆಲ್ಲಗೆ ಕೆಳಗಿಟ್ಟ. ಜೋಡಿಸಿಟ್ಟಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಅದೆಷ್ಟು ಸಂಜೆ "ಬೆಣ್ಣೆ ಹಾಗೆ" ಎಂದು ಸುಳ್ಳು ಹೇಳಿದ್ದ. ಅವಳು ಒಂದನ್ನೂ ನಂಬದೆ ಎಲ್ಲದಕ್ಕೂ ಎಣ್ಣೆ ಹಚ್ಚಿದ್ದಳು. ಅವಳು ಇಷ್ಟು ಕಷ್ಟಪಟ್ಟು ತನ್ನ ಮೀಸೆಯ ಮಣ್ಣು ಒರೆಸುತ್ತಿರುವಾಗ ತಾನು ಮೊಸಳೆಯ ಬಾಯಿಂದ ಎದ್ದು ನಿಂತರೆ ಏನು ಚೆಂದ? ಅವನು ಕಲ್ಲಿನಂತೆ ಮಲಗಿಬಿಟ್ಟ. ವಾಪಸ್ ಮನೆಗೆ ಹೋದ ಮೇಲೆ ಹೇಗೋ ಇಳಿದರಾಯಿತು.

"ಹಾಗಾದ್ರೆ ಮುಚ್ಚಳ ತೆಗೀರಿ ಅಕ್ಕಾ, ಅಳತೆ ನೋಡೋಣ" ಎಂದ ಅಂಗಡಿಯವನು.

ಬೀಗದಣ್ಣ ತಟ್ಟನೆ ಮಗ್ಗುಲಾದ. ಬಿಚ್ಚಿದ ಬೋಲ್ಟುಗಳಿಗಾಗಿ ಸುತ್ತ ತಡಕಾಡಿದ. ಬಿಚ್ಚುವುದೇ ಕಸುಬಾದವನು ಆ ದಿನ ಮೊದಲ ಬಾರಿಗೆ ಬೆವರುತ್ತ ಬಿಗಿಯಲು ಕೂತ. ಒಂದು ಸಿಕ್ಕಿತು, ಉಳಿದೆರಡು ಉರುಳಿ ಹೋಗಿದ್ದವು. ತಗಡು ಸೊಟ್ಟಗೆ ನಿಂತಿತು. ಹೊರಗಿನಿಂದ ಕೀಲಿ ತೂರಿ ತಿರುಗಿಸುವುದು ಕೇಳಿಸಿತು. ಕೀಲಿ ಅರ್ಧ ತಿರುಗಿ ಸಿಕ್ಕಿಕೊಂಡಿತು. ಎಲ್ಲಿ ಬಿಟ್ಟುಕೊಳ್ಳುತ್ತದೋ ಎಂದು ಅವನು ತಗಡಿಗೆ ಎರಡೂ ಕೈಯಲ್ಲಿ ಜೋತುಬಿದ್ದ.

"ಬೀಗ ಕೆಟ್ಟಿದೆ ಅಕ್ಕಾ."

"ಬೀಗದಣ್ಣನ ಗಾಡೀಲಿ ಬೀಗ ಕೆಡುತ್ತಾ?"

"ಹಾಗಾದ್ರೆ ಅವರನ್ನೇ ಕೇಳಿ."

"ಇಲ್ಲಿಗೆ ಬಂದಿದ್ದೀನಿ ಅಂತ ಹೇಳದೆ, ಸುಮ್ನೆ ಕೇಳ್ತೀನಿ" ಎಂದು ಅವಳು ಫೋನ್ ಮಾಡಿದಳು.

ಪೆಟ್ಟಿಗೆಯ ತಳದಿಂದ ಫೋನು ಹಾಡತೊಡಗಿತು. ಕಬ್ಬಿಣದ ಪೆಟ್ಟಿಗೆಯೊಳಗೆ ಆ ಹಾಡು ಮದುವೆಯ ಬ್ಯಾಂಡಿನಷ್ಟು ಜೋರಾಗಿ ಮೊಳಗಿತು. ಹಾಡು ನಿಂತಿತು.

"ಫೋನ್ ಪೆಟ್ಟಿಗೇಲಿ ಬಿಟ್ಟು ಹೋಗಿದಾರೆ ಅಷ್ಟೇ" ಎಂದ ಅಂಗಡಿಯವನು.

ಹೆಂಡತಿಯ ಚಪ್ಪಲಿಯ ಸದ್ದು ಹತ್ತಿರ ಬಂತು, ಹಿಂಬಾಗಿಲ ಬಳಿ ನಿಂತಿತು. ಹಲಗೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದಳು.

"ರೀ, ಒಳಗಿದ್ದೀರಾ?"

ಅವನು ಉಸಿರು ಬಿಗಿಹಿಡಿದ. ಅವಳು ಕಾದಳು. ಕಲಿಯುವವರು ಗೇರ್ ಹುಡುಕುವಾಗ ಕಾದು ಕಾದು ಅವಳಿಗೆ ಅಭ್ಯಾಸ.

"...ಹೂಂ."

"ಎಲ್ಲಿಂದ?"

"ಮನೆಯಿಂದ."

"ಎಲ್ಲಾ ಕೇಳಿಸ್ಕೊಂಡ್ರಾ?"

"ಇಲ್ಲ. ಏನೂ ಇಲ್ಲ."

"ಏನು ಕೇಳಿಸ್ಲಿಲ್ಲ?"

ಬೀಗದಣ್ಣ ಸ್ವಲ್ಪ ಯೋಚಿಸಿದ. "ಕಂಪನಿಯೋರು ಮಾಲು ವಾಪಸ್ ಕರೆಸ್ಕೊಂಡಿದ್ದು" ಎಂದ.

ಹೊರಗೆ ಮೊದಲು ನಕ್ಕವಳು, ಏನೂ ಕೇಳಿಸದ ಅಮ್ಮ. ಆಮೇಲೆ ಅಂಗಡಿಯವನು. ಬೀಗದಣ್ಣ ಕೈ ಸಡಿಲಿಸಿ, ಕೊನೆಯ ಎರಡು ಬೋಲ್ಟು ಬಿಚ್ಚಿದ. ಗಾಳಿ ಕಂಬಿ ಸುಯ್ಯೆಂದಿತು, ಮೊಸಳೆ ಬಾಯಿ ತೆರೆಯಿತು. ಕೂದಲಿಗೆಲ್ಲ ಕಂಬಳಿಯ ಎಳೆ ಮೆತ್ತಿಕೊಂಡು, ಹಣೆಗೆ ಮಸಿ ಬಳಿದುಕೊಂಡು, ಕೈಯಲ್ಲಿ ಪಾನಾ ಹಿಡಿದು ಎದ್ದು ಕೂತ. ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವು ಒಳಗಿದ್ದಾಗ ನಾನು ಉಬ್ಬು ಹಾರಿಸಿದೆ ಅಲ್ವಾ?"

"ಉಬ್ಬು ಪರವಾಗಿಲ್ಲ. ಬ್ರೇಕ್ ಸ್ವಲ್ಪ ಜೋರಾಯ್ತು."

"ನಾಯಿ ಅಡ್ಡ ಬಂತು" ಎಂದಳು. ಅವಳ ಜೀವನದಲ್ಲೇ ಅವಳು ತನ್ನ ಬ್ರೇಕಿಗೆ ಕಾರಣ ಕೊಟ್ಟದ್ದು ಅದೇ ಮೊದಲು.

ಆಮೇಲೆ ಕೆಲಸ ಸಲೀಸಾಗಿ ನಡೆಯಿತು. ಟೇಪಿನ ಒಂದು ತುದಿಯನ್ನು ಅಂಗಡಿಯವನು ಹಿಡಿದ. ಇನ್ನೊಂದು ತುದಿ ಗಾಳಿಯಲ್ಲಿ ತೂಗಾಡುತ್ತಿತ್ತು. ಹೆಂಡತಿ ಅದನ್ನು ಮುಟ್ಟಲಿಲ್ಲ, ಅಂಗಡಿಯೊಳಗಿನ ಹಾರನ್ನುಗಳನ್ನು ನೋಡುತ್ತ ನಿಂತಳು. ಕೊನೆಗೆ ಬೀಗದಣ್ಣನೇ ಅದನ್ನು ಹಿಡಿದು ಪೆಟ್ಟಿಗೆಯ ಅಂಚಿಗೆ ಒತ್ತಿದ.

ಬಟ್ಟೆಯ ಹೊದಿಕೆಯಾದರೆ ಪ್ರತಿ ಸಲ ಬಿಚ್ಚಿ ಕಟ್ಟಬೇಕು, ಹರಿದರೆ ಮುಗಿಯಿತು, ಬೇಡ. ಚಾಪೆಯ ಹಾಗೆ ಸುತ್ತುವ ಪಟ್ಟಿಗಳದ್ದೇ ಸರಿ, ಆದರೆ ಅದರ ಸುರುಳಿ ಇರುವ ಡಬ್ಬಿ ಕ್ಯಾಬಿನ್ನಿಗೆ ಒತ್ತಿ ಕೂರುತ್ತದೆ, ಅಲ್ಲಿ ಪೆಟ್ಟಿಗೆ ಇದೆ. ಹಾಗಾದರೆ ಡಬ್ಬಿಯನ್ನೇ ಪೆಟ್ಟಿಗೆಯ ಹಿಂದಕ್ಕೆ ತಂದರೆ? ಒಂದು ಅಡ್ಡಪಟ್ಟಿ ಹಾಕಿ, ಅದರ ಮೇಲೆ ಸುರುಳಿ ಕೂರಿಸಿ, ಗಿಡ್ಡ ಅಳತೆಯ ಮುಚ್ಚಳ ತಂದರೆ ಪೆಟ್ಟಿಗೆಯ ಬಾಯಿ ಮುಕ್ತ, ತೊಟ್ಟಿಗೂ ಹೊದಿಕೆ. ಎರಡರ ನಡುವಿನ ಸಂದಿಗೆ ರಬ್ಬರ್ ಪಟ್ಟಿ. ಪೆಟ್ಟಿಗೆಗೆ ಹೇಗೂ ತನ್ನದೇ ಮುಚ್ಚಳ, ತನ್ನದೇ ಬೀಗ.

"ಪೆಟ್ಟಿಗೆ ಇರೋರಿಗೆ ಅಂತಾನೇ ಗಿಡ್ಡದು ಬರುತ್ತೆ, ತರಿಸ್ಕೊಡ್ತೀನಿ" ಎಂದ ಅಂಗಡಿಯವನು. "ಇದು ಹೇಳಿ..."

"ಬೇಡ" ಎಂದರು ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ.

ಮನೆಗೆ ಹೋಗುವಾಗ ಮೂವರೂ ಕ್ಯಾಬಿನ್ನಿನಲ್ಲಿ ಒತ್ತಿಕೊಂಡು ಕೂತರು. ನಡುವೆ ಅಮ್ಮ. ಗಾಡಿ ಹೊರಡುವ ಮುಂಚೆ ಹೆಂಡತಿ ಎಡಗಡೆ ನೋಡಿದಳು, ಬಲಗಡೆ ನೋಡಿದಳು, ಕತ್ತು ಹೊರಗೆ ಹಾಕಿ ಹಿಂದೆ ನೋಡಿದಳು, ಆಮೇಲೆ ಇಳಿದು ಹೋಗಿ ತೊಟ್ಟಿಯೊಳಗೂ ಇಣುಕಿ ಬಂದಳು.

"ನಾನು ಇಲ್ಲೇ ಇದ್ದೀನಲ್ಲ" ಎಂದ ಬೀಗದಣ್ಣ.

"ನಾಯಿ ಇದ್ರೆ?" ಎಂದಳು ಅವಳು.

ಗಿಡ್ಡ ಮುಚ್ಚಳ ಬಂದು ಕೂತಿತು. ಮಳೆ ಬಂದರೂ ಬಾಗಿಲುಗಳು ಒಣಗಿಯೇ ಇದ್ದವು, ಪೆಟ್ಟಿಗೆಯ ಬಾಯಿ ಮೊದಲಿನಂತೆ ಆಕಾಶ ನೋಡುತ್ತ ತೆರೆಯಿತು. ಬೀಗದಣ್ಣ ನಿಂತುಕೊಂಡೇ ಪಾನಾ ಆರಿಸಿಕೊಳ್ಳುವುದನ್ನು ಕಂಡು ಗಿರಾಕಿಗಳಿಗೇ ಕೆಲವು ದಿನ ಕಸಿವಿಸಿಯಾಯಿತು. ಮುಖ ನೋಡಿ ಮಾತಾಡುವಾಗ ಚಿಲಕದ ಕೆಲಸವನ್ನು ಪುಕ್ಕಟೆಯಾಗಿ ಸೇರಿಸಲು ಅವರಿಗೆ ನಾಚಿಕೆ. ಕಾಲಿನ ಜೊತೆಯಾದರೆ ಆ ನಾಚಿಕೆ ಇರಲಿಲ್ಲ. ಹಳೆಯ ಹೊಳಪಿನ ಮುಚ್ಚಳವನ್ನು, ತಗಡು ಸೊಟ್ಟಗಾಗಿದೆ ಎಂದು ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಅದನ್ನು ಅಮ್ಮ ಹಿತ್ತಿಲಿನಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ಹಾಕಿಸಿಕೊಂಡು, ಬಟ್ಟೆ ಮಡಿಸುವ ಕಟ್ಟೆ ಮಾಡಿಕೊಂಡಿದ್ದಾಳೆ. ಇಟ್ಟಿಗೆಗಳ ಎತ್ತರ ಒಂದೇ ಸಮ ಇರಬೇಕೆಂದು ಬೀಗದಣ್ಣನೇ ಅಳೆದು ಇಟ್ಟ. ಟೇಪಿನಲ್ಲಿ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ.